ಅಣ್ಣೆಸೊಪ್ಪಿನ ಬುಡಕ್ಕಿಟ್ಟ ಕಲ್ಲು

ನನ್ನ ಮೊಮ್ಮಗಳು ಮೂರು ತಿಂಗಳು ಬಿಸಿಲಿನಲ್ಲಿ ಕೂತು ಬರೆದ ಹಾಳೆಯ ಮೇಲೆ, ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯವರೆಗೆ, ಕೆಂಪು ಪೆನ್ನಿನ ಒಂದು ಗೀಟು. ಗೀಟಿನ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು. ನಾನು ಓದಿರುವುದು ನಾಲ್ಕನೇ ಕ್ಲಾಸು, ಅದೂ ಕನ್ನಡ ಶಾಲೆ. ಆದರೆ ಕೆಂಪು ಗೀಟಿನ ಅರ್ಥ ತಿಳಿಯಲು ಇಂಗ್ಲಿಷು ಬೇಕಿಲ್ಲ.

"ಏನಂತೆ ನಿಮ್ಮ ಮೇಷ್ಟ್ರದು?" ಅಂದೆ.

"ನಾನು ಗಿಡ ಅಳತೆನೇ ಮಾಡಿಲ್ವಂತೆ ಅಜ್ಜಿ. ಮನೇಲಿ ಕೂತ್ಕೊಂಡು ಚುಕ್ಕಿ ಇಟ್ಟಿದೀನಂತೆ."

ಅವಳು ಚೀಲವನ್ನು ಮೂಲೆಗೆ ಎಸೆದು ಗೋಡೆಗೆ ಒರಗಿ ಕೂತಳು. ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಅವಳು ಅಳಲಿಲ್ಲ. ಕಾಲಿನ ಹೆಬ್ಬೆರಳನ್ನೇ ನೋಡುತ್ತಾ ಕೂತಳು. ಆಗ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಮೊದಲೇ ಹೇಳಿಬಿಡುತ್ತೇನೆ: ನನಗೆ ಖುಷಿ ಉಕ್ಕಿದರೂ ಬಾಯಲ್ಲಿ ಬರುವುದು ಬೈಗುಳವೇ. ಈ ಹುಡುಗಿ ಹುಟ್ಟಿದ ದಿನ ಆಸ್ಪತ್ರೆಯ ಆಯಾಳಿಗೆ, "ಇಷ್ಟು ಚೆಂದದ ಮಗೂನ ಹೀಗಾ ಹಿಡ್ಕೊಳೋದು?" ಎಂದು ಬೈದವಳು ನಾನು. ಹಾಗಾಗಿ ಇದನ್ನು ಓದುವವರು ಎಲ್ಲಿ ಸಿಟ್ಟು ಮುಗಿಯಿತು, ಎಲ್ಲಿ ಖುಷಿ ಶುರುವಾಯಿತು ಎಂದು ಹುಡುಕಲು ಹೋಗಬೇಡಿ. ನನಗೇ ಗೊತ್ತಿಲ್ಲ.

ನಾವು ಇರುವುದು ಹೊರಮಾವಿನಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ಮಗಳು ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಗೆ ಹೋಗುತ್ತಾಳೆ. ಮೊಮ್ಮಗಳು ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟ್ ಕಡೆಯ, ಒಂದು ಕಾಲೇಜಿನಲ್ಲಿ ಗಿಡಗಳ ವಿಷಯ ತೆಗೆದುಕೊಂಡು ಎಂ.ಎಸ್ಸಿ. ಓದುತ್ತಿದ್ದಳು. ಎಂ.ಎಸ್ಸಿ.! ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇಲ್ಲ. ನಾನು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳುತ್ತಿದ್ದೆ. ಇಳಿಯುವ ಸ್ಟಾಪು ಬಂದರೂ ಬಿಡದೆ ಹೇಳುತ್ತಿದ್ದೆ.

ನಾನು ಮೂವತ್ತು ವರ್ಷ ಸೊಪ್ಪು ಮಾರಿದವಳು. ಬೆಳೆದ ಸೊಪ್ಪಲ್ಲ, ಬೆರಕೆ ಸೊಪ್ಪು. ಮಳೆ ಬಿದ್ದ ಮೇಲೆ ಖಾಲಿ ಸೈಟುಗಳಲ್ಲಿ, ಕೆರೆ ಏರಿಯ ಬದಿಯಲ್ಲಿ, ಹಳಿಯ ಪಕ್ಕದಲ್ಲಿ ತಾನಾಗಿ ಏಳುವ ಅಣ್ಣೆ, ಗಣಿಕೆ, ಗೋಣಿ, ಹೊನಗೊನೆ, ಎಲ್ಲವನ್ನೂ ಒಂದಿಷ್ಟಿಷ್ಟು ಕಿತ್ತು, ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಶಿವಾಜಿನಗರದ ಬಸ್ಸು ಹತ್ತುತ್ತಿದ್ದೆ. ಒಂದೇ ಸೊಪ್ಪಿನಲ್ಲಿ ಸಾರಿಗೆ ರುಚಿ ಬರುವುದಿಲ್ಲ, ಏಳೆಂಟು ಸೇರಬೇಕು. ಈಗ ಮಾರುವುದಿಲ್ಲ, ಮಂಡಿ ನೋವು ಬಿಡುವುದಿಲ್ಲ. ಮನೆಗೆ ಬೇಕಾದಷ್ಟು ಕೀಳುತ್ತೇನೆ, ಮಿಕ್ಕಿದ್ದನ್ನು ಅಕ್ಕಪಕ್ಕದವರಿಗೆ ಕೊಡುತ್ತೇನೆ.

ಶ್ರಾವಣದ ಹೊತ್ತಿಗೆ ಮೊಮ್ಮಗಳು ಒಂದು ದಿನ ನಾಲ್ಕು ನೀರಿನ ಪೈಪನ್ನು ಚೌಕಾಕಾರವಾಗಿ ಜೋಡಿಸಿಕೊಂಡು ಬಂದಳು. ಕೊಟ್ಟಿಗೆಯ ಕಿಟಕಿಯ ಹಾಗಿತ್ತು.

"ಏನೇ ಇದು? ಕಿಟಕಿ ತಂದಿದೀಯ, ಮನೆ ಎಲ್ಲಿ?"

"ಇದನ್ನ ನೆಲದ ಮೇಲೆ ಇಟ್ಟು ಒಳಗಡೆ ಇರೋ ಗಿಡ ಎಲ್ಲಾ ಲೆಕ್ಕ ಮಾಡ್ತಾರೆ ಅಜ್ಜಿ. ಆಮೇಲೆ ಒಂದು ಗಿಡದಿಂದ ಪಕ್ಕದ ಗಿಡಕ್ಕೆ ಎಷ್ಟು ದೂರ ಅಂತ ಟೇಪ್ ಹಿಡೀತಾರೆ."

"ಹಿಡಿದು?"

"ಯಾವ ಗಿಡ ಯಾರ ಪಕ್ಕ ನಿಂತ್ಕೊಳುತ್ತೆ, ಯಾಕೆ ನಿಂತ್ಕೊಳುತ್ತೆ ಅಂತ ಕಂಡುಹಿಡೀತಾರೆ."

ನಾನು ನಕ್ಕೆ. ಇದನ್ನು ಕಂಡುಹಿಡಿಯಲು ಕಾಲೇಜು ಬೇಕಾ ಎಂದು ಬಾಯಿಗೆ ಬಂದಿತ್ತು. ಅವಳು ಬಿಡಲಿಲ್ಲ. ಅಡುಗೆಮನೆಯಿಂದ ಹಿಡಿ ಸಾಸಿವೆ ತಂದು ನೆಲದ ಮೇಲೆ ತೋರಿಸಿದಳು. ಸಾಸಿವೆಯನ್ನು ಒಂದೊಂದು ಕಡೆ ಗುಡ್ಡೆ ಮಾಡಿದಳು: ಗಿಡಗಳು ಹೀಗೆ ಗುಂಪಾಗಿ ನಿಲ್ಲುವುದು ಒಂದು ರೀತಿ. ಕೈಯಿಂದ ಚೆಲ್ಲಿದಳು: ಹೀಗೆ ಎಲ್ಲೆಂದರಲ್ಲಿ ನಿಲ್ಲುವುದು ಇನ್ನೊಂದು ರೀತಿ. ಆಮೇಲೆ ಒಂದೊಂದೇ ಕಾಳು ಆರಿಸಿ ರಂಗೋಲಿ ಚುಕ್ಕಿಯ ಹಾಗೆ ಒಂದೇ ಅಂತರದಲ್ಲಿ ಇಟ್ಟಳು. "ಹೀಗೆ ಸಮ ದೂರದಲ್ಲಿ ನಿಲ್ಲೋದು ತುಂಬಾ ಕಮ್ಮಿ ಅಜ್ಜಿ. ತೋಟದಲ್ಲಿ ಯಾರಾದ್ರೂ ನೆಟ್ಟಿರಬೇಕು, ಇಲ್ಲಾ ಗಿಡ ಗಿಡಕ್ಕೆ ನೀರಿಗೆ ಜಗಳ ಆಗಿರಬೇಕು." ಸಾಸಿವೆಯನ್ನು ನಾನೇ ಗುಡಿಸಿದೆ ಎನ್ನುವುದು ಬೇರೆ ಮಾತು. ಆದರೆ ಎದೆ ಉಬ್ಬಿಹೋಗಿತ್ತು. ಗಿಡಗಳ ನೆರೆಹೊರೆಯ ಕಷ್ಟಸುಖ ಬರೆಯುವ ಓದು! ನನ್ನ ಮಂಡಿಯ ಮೇಲೆ ಆಡಿದ ಹುಡುಗಿ!

"ಒಂದು ಜಾಗ ಬೇಕು ಅಜ್ಜಿ. ಯಾರೂ ಬರಬಾರದು, ಯಾರೂ ಏನೂ ಮಾಡಿರಬಾರದು. ತಾನಾಗೇ ಬೆಳೆದಿರಬೇಕು."

"ಅದಕ್ಕೇನು, ನಮ್ಮ ವ್ಯಾಜ್ಯದ ಸೈಟಿದೆಯಲ್ಲ" ಅಂದೆ.

ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ದೊಡ್ಡ ಜಾಗ. ಅಣ್ಣತಮ್ಮಂದಿರ ಜಗಳ ಕೋರ್ಟಿನಲ್ಲಿದೆ. ಮೂರು ಕಡೆ ಕಾಂಪೌಂಡು, ಒಂದು ಕಡೆ ಮುರಿದ ತಂತಿ ಬೇಲಿ, ಮಾರಾಟಕ್ಕಿಲ್ಲ ಎನ್ನುವ ಬೋರ್ಡು. ಸುತ್ತ ಅಪಾರ್ಟ್‌ಮೆಂಟು ಎದ್ದು ನಿಂತರೂ ಅಲ್ಲಿ ಮಾತ್ರ ಇಟ್ಟಿಗೆ ಬಿದ್ದಿಲ್ಲ.

"ಅಲ್ಲಿ ಜನ ಬರಲ್ವಾ?"

"ಯಾರೂ ಬರಲ್ಲ."

ಈ ಮಾತನ್ನು ನಾನೇ ಹೇಳಿದ್ದು. ನೆನಪಿಟ್ಟುಕೊಳ್ಳಿ. ಆಮೇಲೆ ಇದು ಬಂದು ನನ್ನ ಕೆನ್ನೆಗೇ ಬಾರಿಸಿತು.

ಮೂರು ತಿಂಗಳು ಅವಳ ಟೇಪಿನ ಇನ್ನೊಂದು ತುದಿ ಹಿಡಿದವಳು ನಾನೇ. ಕಾಲೇಜಿಲ್ಲದ ದಿನ ಬೆಳಿಗ್ಗೆ ತಿಂಡಿ ತಿಂದು ಹೊರಡುತ್ತಿದ್ದೆವು. ಅವಳು ದಾರ ಎಳೆದು ಗೂಟ ಹೊಡೆಯುತ್ತಿದ್ದಳು, ಚೌಕ ಇಡುತ್ತಿದ್ದಳು, ಬಗ್ಗಿ ಏನೋ ಇಂಗ್ಲಿಷು ಹೆಸರು ಗೊಣಗುತ್ತಿದ್ದಳು. ನಾನು ಅಣ್ಣೆ ಅಂದರೆ ಅವಳದು ಒಂದು ಮಾರುದ್ದ ಹೆಸರು. ಅಷ್ಟೊತ್ತಿಗೆ ಅಣ್ಣೆಸೊಪ್ಪು ಸೊಂಟದವರೆಗೆ ಬೆಳೆದು, ತುದಿಯಲ್ಲಿ ಬಿಳಿ ಗುಲಾಬಿ ಬಣ್ಣದ ಕೊಂಡೆ ಬಿಟ್ಟು ನಿಂತಿತ್ತು. ಹೂ ಬಿಟ್ಟ ಅಣ್ಣೆ ಬರೀ ನಾರು, ಸಾರಿಗೆ ಬರುವುದಿಲ್ಲ, ಹಾಗಾಗಿ ಕೀಳುವ ಮಾತೇ ಇರಲಿಲ್ಲ. ಅವಳು ಒಂದೊಂದು ಕೊಂಡೆಗೂ ಟೇಪು ಹಿಡಿದು ಅಂಕಿ ಕೂಗುತ್ತಿದ್ದಳು. ಸೆಂಟಿಮೀಟರು ನನಗೆ ತಲೆಗೆ ಹತ್ತುವುದಿಲ್ಲ. ನಾನು ಹೂಂ ಹೂಂ ಎನ್ನುತ್ತಾ ತುದಿ ಹಿಡಿದು ನಿಲ್ಲುತ್ತಿದ್ದೆ. ಆ ಜಾಗದ ತೇವದ ಮೂಲೆಗೆ, ಜಾಲಿಮುಳ್ಳು ಬೆಳೆದ ಕಡೆಗೆ, ಅವಳನ್ನು ಹೋಗಗೊಡಲಿಲ್ಲ. ಹಾವಿನ ಭಯ.

ಈಗ ಕೆಂಪು ಗೀಟಿಗೆ ಬರುತ್ತೇನೆ.

"ಸರ್ ಏನಂದ್ರು, ಸರಿಯಾಗಿ ಹೇಳು" ಎಂದು ಅವಳ ಎದುರಿಗೆ ಕೂತೆ.

"ಅಣ್ಣೆಸೊಪ್ಪು ಬೀಜದಿಂದ ಬರೋ ಗಿಡ. ಬೀಜ ತಾಯಿ ಬುಡದಲ್ಲೇ ಉದುರುತ್ತೆ. ಹಾಗಾಗಿ ಗುಂಪುಗುಂಪಾಗಿ ಇರಬೇಕು. ಯಾರೂ ಬರದೇ ಇರೋ ಜಾಗ ಅಂತ ನೀನೇ ಬರೆದಿದೀಯ. ಮತ್ತೆ ನಿನ್ನ ಚುಕ್ಕಿ ಎಲ್ಲಾ ಯಾಕೆ ರಂಗೋಲಿ ಥರ ಇದೆ, ಅಂದ್ರು. ಎಲ್ಲರ ಮುಂದೆ, ಅಜ್ಜಿ. ಇದು ಹೊಲದಲ್ಲಿ ಕೂತು ಮಾಡಿದ್ದಲ್ಲ, ಹಾಸಿಗೆ ಮೇಲೆ ಕೂತು ಮಾಡಿದ್ದು ಅಂದ್ರು. ಎಲ್ಲರೂ ನಕ್ಕರು."

"ನೀನು ಏನಂದೆ?"

"ಏನನ್ಲಿ? ಅವರು ಹೇಳೋದು ಪುಸ್ತಕದಲ್ಲಿ ಇರೋದೇ. ನನಗೂ ಗೊತ್ತಾಗ್ತಿಲ್ಲ. ಹತ್ತು ದಿನದಲ್ಲಿ ಬೇರೆ ಜಾಗದಲ್ಲಿ ಹೊಸದಾಗಿ ಮಾಡ್ಕೊಂಡು ಬಾ, ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣ ಅಂದ್ರು. ಹತ್ತು ದಿನದಲ್ಲಿ ಆಗುತ್ತಾ? ಒಂದು ವರ್ಷ ಹೋಯ್ತು ಅಜ್ಜಿ. ವರ್ಷ ಹೋದ್ರೆ ಹೋಗ್ಲಿ, ಸುಳ್ಳಿ ಅನ್ನಿಸ್ಕೊಂಡ್ನಲ್ಲ."

ಅವಳು ಎರಡು ಅಂಗೈಯನ್ನು ಎದುರುಬದುರಾಗಿ ಅಗಲಿಸಿ ಹಿಡಿದಳು. "ಎಲ್ಲಾ ಗಿಡಕ್ಕೂ ಇಷ್ಟೇ ದೂರ. ಇಲ್ಲಿಂದ ಇಲ್ಲಿಗೆ. ಒಂದು ಸ್ವಲ್ಪ ಆಚೆ, ಒಂದು ಸ್ವಲ್ಪ ಈಚೆ. ಯಾಕೆ?"

ನಾನು ಆ ಎರಡು ಕೈಗಳ ನಡುವಿನ ಜಾಗವನ್ನು ನೋಡಿದೆ. ಸೆಂಟಿಮೀಟರಿನಲ್ಲಿ ಅರ್ಥವಾಗದ್ದು ಕೈಯಲ್ಲಿ ಅರ್ಥವಾಯಿತು. ಆ ಅಳತೆ ನನಗೆ ಗೊತ್ತು. ಮೂವತ್ತು ವರ್ಷದಿಂದ ಗೊತ್ತು. ಅದು ಕುಕ್ಕುರುಗಾಲಿನಲ್ಲಿ ಕೂತ ಹೆಂಗಸು ಈ ಕಡೆಗೊಮ್ಮೆ ಆ ಕಡೆಗೊಮ್ಮೆ ಕೈ ಚಾಚಿದರೆ ಎಟುಕುವ ಅಗಲ.

ಸೊಪ್ಪು ಕೀಳುವವರಲ್ಲಿ ಒಂದು ಕಟ್ಟಳೆಯಿದೆ. ಒಂದು ಸಲ ಕೂತರೆ ಒಂದು ಗಿಡ ಬಿಡಬೇಕು. ಕೂತಲ್ಲಿಂದ ಕೈಗೆ ಎಟುಕುವ ಎಳೆ ಗಿಡಗಳನ್ನೆಲ್ಲ ಕೀಳು, ಆದರೆ ನಿನ್ನ ಎದುರಿಗಿರುವ ಒಳ್ಳೆಯ ಗಿಡ ಒಂದನ್ನು ಬೀಜಕ್ಕೆ ಬಿಡು. ಬಿಟ್ಟ ಗಿಡದ ಬುಡಕ್ಕೆ ಒಂದು ಕಲ್ಲಿಡು, ನಾಳೆ ಬರುವ ಇನ್ನೊಬ್ಬಳಿಗೆ ಇದು ಬೀಜದ್ದು ಎಂದು ತಿಳಿಯಲಿ. ಆಮೇಲೆ ಎದ್ದು ಮುಂದೆ ಹೋಗಿ ಕೂರು. ಕಲ್ಲಿಟ್ಟ ಗಿಡವನ್ನು ಯಾರೂ ಮುಟ್ಟುವುದಿಲ್ಲ. ಮನೆಯಲ್ಲಿ ಒಂದು ಎಸಳಿಲ್ಲದಿದ್ದರೂ ಮುಟ್ಟುವುದಿಲ್ಲ. ನನ್ನ ಅತ್ತೆ ನನಗೆ ಹೇಳಿದ್ದು ಅದು. ಅವರಿಗೆ ಯಾರು ಹೇಳಿದರೋ.

ಜ್ಯೇಷ್ಠ ಆಷಾಢದಲ್ಲಿ, ಮೊಮ್ಮಗಳು ಪೈಪಿನ ಚೌಕ ತರುವ ಮೊದಲೇ, ನಾವು ಐದು ಜನ ಆ ಸೈಟಿನಲ್ಲಿ ಕೂತು, ಕಿತ್ತು, ಕಲ್ಲಿಟ್ಟು ಎದ್ದುಹೋಗಿದ್ದೆವು. ಅವಳು ಟೇಪು ಹಿಡಿದದ್ದು ನಾವು ಬಿಟ್ಟ ಗಿಡಗಳಿಗೆ. ಕಲ್ಲುಗಳು ಅಷ್ಟೊತ್ತಿಗೆ ಹುಲ್ಲು, ಎಲೆಯಡಿ ಮುಚ್ಚಿಹೋಗಿದ್ದವು. ಅವಳು ಹಾಳೆಯ ಮೇಲೆ ಇಟ್ಟ ಒಂದೊಂದು ಚುಕ್ಕಿಯೂ ನಮ್ಮಲ್ಲಿ ಒಬ್ಬಳು ಕೂತು ಎದ್ದ ಜಾಗ.

ಹೇಳಿದೆ. ಹೇಳುತ್ತಿದ್ದ ಹಾಗೇ ಹುಡುಗಿಯ ಮುಖ ಕೆಂಪಾಯಿತು. ಖುಷಿಯಾಯಿತು ಎಂದುಕೊಂಡೆ.

"ಯಾರೂ ಬರಲ್ಲ ಅಂದ್ಯಲ್ಲಾ ಅಜ್ಜಿ!"

"ಹೂಂ, ಯಾರು ಬರ್ತಾರೆ ಅಲ್ಲಿಗೆ?"

"ನೀನು ಬರ್ತೀಯಲ್ಲಾ!"

"ನಾನು ಬರೋದೂ ಒಂದು ಬರೋದೇನೇ?"

ನನ್ನ ಮಾತು ನನಗೇ ಕೇಳಿಸಿತು. ಎಂಥ ಮಾತು ಆಡಿದೆ! ಸೈಟಿನ ಯಜಮಾನರು ಬಂದರೆ ಜನ ಬಂದ ಹಾಗೆ. ಸರ್ವೆಯವರು ಬಂದರೆ ಜನ ಬಂದ ಹಾಗೆ. ವರ್ಷಕ್ಕೊಮ್ಮೆ ವಕೀಲರು ಕಾರಿನಲ್ಲಿ ಕೂತೇ ಇಣುಕಿ ಹೋದರೂ ಜನ ಬಂದ ಹಾಗೆ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಐದು ಜನ ಹೆಂಗಸರು ಆ ನೆಲದ ಮೇಲೆ ಕೂತು ಎದ್ದರೆ ಅದು ಗಾಳಿ ಬೀಸಿದ ಹಾಗೆ. ಊರು ಹಾಗೆ ತಿಳಿದಿದೆ, ಬಿಡಿ. ನಾನೂ ಹಾಗೆ ತಿಳಿದಿದ್ದೆನಲ್ಲ! ನನ್ನನ್ನು ನಾನೇ ಲೆಕ್ಕಕ್ಕೆ ಹಿಡಿಯದೆ, ಆ ತಪ್ಪು ಲೆಕ್ಕವನ್ನು ಮಗುವಿನ ಕೈಯಲ್ಲಿ ಬರೆಸಿ, ಮಗುವನ್ನು ಸುಳ್ಳಿ ಎನ್ನಿಸಿದೆ. ಆ ಸಾಯಂಕಾಲ ಸರ್ ಮೇಲಿದ್ದ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟು ದೊಡ್ಡದಾಗಿತ್ತು. ಅನ್ನಕ್ಕೆ ಇಟ್ಟ ನೀರು ಇಂಗಿ ತಪ್ಪಲೆ ಸೀದುಹೋಯಿತು.

"ನಾಳೆ ನಾನು ಬರ್ತೀನಿ ಕಾಲೇಜಿಗೆ" ಅಂದೆ.

"ಬೇಡ ಅಜ್ಜಿ, ಅಲ್ಲಿ ಗಲಾಟೆ ಮಾಡಬೇಡ."

"ಯಾಕೆ ಬೇಡ? ಅಲ್ಲೂ ನಾನು ಲೆಕ್ಕಕ್ಕಿಲ್ವಾ?"

ಅವಳು ಸೀದ ತಪ್ಪಲೆ ಎತ್ತಿಕೊಂಡು ಬಚ್ಚಲಿಗೆ ಹೋದಳು.

ಬೆಳಿಗ್ಗೆ ಸೈಟಿಗೆ ಹೋಗಿ ಒಂದು ಅಣ್ಣೆ ಗಿಡವನ್ನು ಮಣ್ಣಿನ ಹೆಂಟೆಯ ಸಮೇತ, ಬುಡದ ಕಲ್ಲಿನ ಸಮೇತ ಅಗೆದು ಹಳೆಯ ಟವೆಲಿನಲ್ಲಿ ಕಟ್ಟಿಕೊಂಡೆ. ನನ್ನ ಗೆಳತಿ ಒಬ್ಬಳನ್ನೂ ಎಬ್ಬಿಸಿಕೊಂಡು ಹೋದೆ. ಯಾದಗಿರಿ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಕಟ್ಟಡದ ಕೆಲಸಕ್ಕೆ ಬಂದು ನಮ್ಮ ಬೀದಿಯ ಕೊನೆಯ ಕೋಣೆಯಲ್ಲಿ ಇರುವವಳು. ನನ್ನ ಜೊತೆ ಸೊಪ್ಪು ಕೀಳುವವಳು. ಅವಳ ಊರಿನಲ್ಲೂ ಇದೇ ಕಟ್ಟಳೆ ಇದೆ ಎಂದು ಅವಳು ಮೊದಲ ದಿನ ಹೇಳಿದಾಗ ನಾನು ನಂಬಿರಲಿಲ್ಲ.

"ಯಕ್ಕಾ, ಆ ಸಾಹೇಬ್ರಿಗೆ ಏನ್ ಹೇಳೋದದ?" ಎಂದು ಬಸ್ಸಿನಲ್ಲಿ ಕೇಳಿದಳು.

"ನೀನು ಸುಮ್ನೆ ನಿಂತ್ಕೋ. ನಾನು ಹೇಳ್ತೀನಿ."

"ನೀ ಹೇಳ್ತಿ ಅಂತನೇ ನನಗ ಅಂಜಿಕಿ."

ಗೇಟಿನ ಕಾವಲುಗಾರ ಟವೆಲಿನ ಗಂಟು ನೋಡಿ, ಒಳಗೆ ಏನೂ ಮಾರುವಂತಿಲ್ಲ ಎಂದ. ಮಾರಲು ಬಂದಿಲ್ಲ, ಬೈಯಲು ಬಂದಿದ್ದೇನೆ ಎಂದೆ. ಮೊಮ್ಮಗಳು ನಾಚಿಕೆಯಿಂದ ಅರ್ಧ ಸತ್ತು, ಅವಳ ಕಾರ್ಡು ತೋರಿಸಿ ನಮ್ಮನ್ನು ಒಳಗೆ ಕರೆದುಕೊಂಡು ಹೋದಳು.

ಸರ್ ಅಂದರೆ ಮುದುಕರೇನಲ್ಲ. ನನ್ನ ಮಗಳ ವಯಸ್ಸು. ಉದ್ದನೆಯ ಮೇಜಿನ ಹಿಂದೆ ಕೂತು ಏನೋ ತಿದ್ದುತ್ತಿದ್ದರು. ಕೈಯಲ್ಲಿ ಅದೇ ಕೆಂಪು ಪೆನ್ನು. ನಾನು ಗಂಟು ಬಿಚ್ಚಿ ಗಿಡವನ್ನು ಅವರ ಮೇಜಿನ ಮೇಲಿಟ್ಟೆ. ಮಣ್ಣು ಅವರ ಹಾಳೆಗಳ ಮೇಲೆ ಉದುರಿತು. ಬೇಕೆಂದೇ ಉದುರಿಸಲಿಲ್ಲ, ಆದರೆ ಉದುರಿದ್ದಕ್ಕೆ ಬೇಸರವೂ ಆಗಲಿಲ್ಲ.

"ಯಾರಮ್ಮ ನೀವು?"

"ಇವಳ ಅಜ್ಜಿ. ಟೇಪಿನ ಆ ಕಡೆ ಹಿಡಿದವಳು."

ಕಟ್ಟಳೆಯನ್ನು ಹೇಳಿದೆ. ಕೂರುವುದು, ಕೀಳುವುದು, ಒಂದು ಬಿಡುವುದು, ಕಲ್ಲಿಡುವುದು. ಅವರು ಕೇಳಿದರು, ಅಷ್ಟು ಹೇಳಬೇಕು. ಆದರೆ ಕೇಳುವಾಗ ತುಟಿಯಲ್ಲಿ ಒಂದು ನಗು ಇತ್ತು, ಮಗು ಕಥೆ ಹೇಳುವಾಗ ದೊಡ್ಡವರು ನಗುವ ಹಾಗೆ.

"ನೋಡಿ ಅಮ್ಮ, ನಿಮಗೆ ಮೊಮ್ಮಗಳ ಮೇಲೆ ಪ್ರೀತಿ ಇದೆ. ಒಳ್ಳೇದು. ಆದ್ರೆ ಭಾವನೆ ಬೇರೆ, ಸೈನ್ಸು ಬೇರೆ."

"ನಾನು ಭಾವನೆ ತಂದಿಲ್ಲ ಸ್ವಾಮಿ. ಗಿಡ ತಂದಿದೀನಿ."

"ಒಂದು ಗಿಡದ ಬುಡದಲ್ಲಿ ಒಂದು ಕಲ್ಲಿದ್ರೆ ಅದು ಸಾಕ್ಷಿ ಆಗಲ್ಲ. ಬೆಂಗಳೂರಲ್ಲಿ ಎಲ್ಲಿ ಕಲ್ಲಿಲ್ಲ? ನೀವೇ ದಾರೀಲಿ ಇಟ್ಕೊಂಡು ಬಂದಿರಬಹುದು."

ಹುಡುಗಿ ನನ್ನ ಸೆರಗು ಜಗ್ಗಿದಳು. ನಾನು ಸೆರಗು ಬಿಡಿಸಿಕೊಂಡೆ.

"ನಿನ್ನೆ ಮೊಮ್ಮಗಳು ಸುಳ್ಳಿ. ಇವತ್ತು ಅಜ್ಜೀನೂ ಸುಳ್ಳಿ. ನಾಳೆ ಇವಳ ಅಮ್ಮನ್ನೂ ಕರ್ಕೊಂಡು ಬರ್ತೀನಿ, ಒಂದೇ ಸಲ ಮೂರು ತಲೆಮಾರಿಗೂ ಗೀಟು ಹಾಕ್ಬಿಡಿ. ಅಲ್ಲಾ ಸ್ವಾಮಿ, ನೀವು ಗಿಡದ ಮೇಷ್ಟ್ರು. ಆ ಜಾಗಕ್ಕೆ ಒಂದು ಸಲ ಬಂದು ನೋಡಿದೀರಾ?"

ಅವರು ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು. ಮತ್ತೆ ಹಾಕಿದರು.

"ಮೂವತ್ತು ಜನ ಸ್ಟೂಡೆಂಟ್ಸ್ ಇದಾರೆ. ಎಲ್ಲರ ಜಾಗಕ್ಕೂ ಹೋಗೋಕಾಗುತ್ತಾ?"

"ಎಲ್ಲರನ್ನೂ ಸುಳ್ಳಿ ಅಂದಿಲ್ಲವಲ್ಲ. ಅಂದವಳ ಜಾಗಕ್ಕೆ ಬನ್ನಿ."

ಇಷ್ಟು ಹೊತ್ತು ಸುಮ್ಮನಿದ್ದ ಯಾದಗಿರಿಯವಳು ಆಗ ಬಾಯಿ ಬಿಟ್ಟಳು. "ಬರ್ರಿ ಸಾಹೇಬ್ರ. ಇನ್ನ ಎಂಟು ದಿನ ಹೋದ್ರ ಗಿಡ ಒಣಗಿ ಬೀಳ್ತಾವ. ಆಮೇಲೆ ನೀವು ಅಂದದ್ದೇ ಖರೆ ಆಗ್ತದ."

ಆ ಮಾತು ಅವರಿಗೆ ನಾಟಿತು ಎಂದು ಕಾಣುತ್ತದೆ. ಶನಿವಾರ ಮಧ್ಯಾಹ್ನ ಬರುತ್ತೇನೆ ಅಂದರು.

ಶನಿವಾರದವರೆಗೆ ನಾನು ಆ ಸೈಟಿನೊಳಗೆ ಕಾಲಿಡಲಿಲ್ಲ, ಹುಡುಗಿಯನ್ನೂ ಬಿಡಲಿಲ್ಲ. ನಾವೇ ಹೋಗಿ ಕಲ್ಲಿಟ್ಟೆವು ಎಂಬ ಮಾತು ಬರಬಾರದು. ಆದರೆ ದಿನಾ ಎರಡು ಹೊತ್ತು ಬೇಲಿಯ ಹೊರಗೆ ನಿಂತು ನೋಡಿ ಬರುತ್ತಿದ್ದೆ. ಯಾರಾದರೂ ಬೆಂಕಿ ಹಾಕಿದರೆ? ದನ ನುಗ್ಗಿದರೆ? ಇಷ್ಟು ವರ್ಷ ಒಂದು ದಿನವೂ ಆ ಗಿಡಗಳಿಗಾಗಿ ಹೆದರಿದವಳಲ್ಲ.

ಸರ್ ಸ್ಕೂಟರಿನಲ್ಲಿ ಬಂದರು. ಬೇಲಿ ದಾಟುವಾಗ ಪ್ಯಾಂಟಿಗೆ ತಂತಿ ಸಿಕ್ಕಿತು. ಬಿಡಿಸಿದವಳು ಯಾದಗಿರಿಯವಳು. ಅವರು ನಮ್ಮನ್ನು ದೂರ ನಿಲ್ಲಿಸಿ, ಯಾವ ಗಿಡ ಎಂದು ತಾವೇ ಆರಿಸಿದರು. ಸರಿಯೇ ಅದು. ಹಾಗೇ ಮಾಡಬೇಕು.

ಮೊದಲ ಗಿಡ. ಬಗ್ಗಿ ಕೆಳಗಿನ ಎಲೆ ಸರಿಸಿದರು. ಕಲ್ಲು.

ಎರಡನೆಯದು. ಕಲ್ಲು. ಮೂರನೆಯದು, ನಾಲ್ಕನೆಯದು. ಐದನೆಯ ಗಿಡದ ಬುಡದಲ್ಲಿ ಕಲ್ಲಿರಲಿಲ್ಲ. ಅವರು ಎದ್ದು ನಿಂತು ನಮ್ಮ ಕಡೆ ತಿರುಗಿದರು. ಹುಡುಗಿ ಉಸಿರು ಹಿಡಿದುಕೊಂಡಳು. ಕೂತವಳು ಮರೆತಿದ್ದರೆ?

"ಅದರ ಕಲ್ಲು ಮಳಿ ನೀರಿಗೆ ಸರಿದಿರಬೇಕ್ರಿ, ಕೆಳಗ ನೋಡ್ರಿ" ಎಂದು ಯಾದಗಿರಿಯವಳು ಕೂಗಿದಳು. ಅಲ್ಲಿ ನೆಲ ಇಳಿಜಾರು. ಅವರು ಒಂದು ಗೇಣು ಕೆಳಗೆ ಹುಲ್ಲು ಸರಿಸಿದರು. ಇತ್ತು.

ಆ ಕಲ್ಲನ್ನು ಎತ್ತಿದವರು ಹಾಗೇ ಕೂತುಬಿಟ್ಟರು. ಪ್ಯಾಂಟು ಮಣ್ಣಾಗುವುದನ್ನೂ ನೋಡಲಿಲ್ಲ. ಕಲ್ಲಿನಡಿಯ ಹುಲ್ಲು ಬಿಸಿಲು ಕಾಣದೆ ಬೆಳ್ಳಗಾಗಿತ್ತು. ಕಲ್ಲಿನ ಹೊಟ್ಟೆಗೆ ಕೂದಲಿನಂಥ ಬೇರು ಅಂಟಿಕೊಂಡಿತ್ತು. ಅಡಿಯ ಗೂಡಿನ ಇರುವೆಗಳು ಚದುರಿ ಓಡಾಡುತ್ತಿದ್ದವು.

"ಇದು ನಿನ್ನೆ ಮೊನ್ನೆ ಇಟ್ಟಿದ್ದಲ್ಲ" ಅಂದರು. ನಮಗಲ್ಲ, ತಮಗೆ ತಾವೇ ಹೇಳಿಕೊಂಡರು.

ಆಮೇಲೆ ಮೊಮ್ಮಗಳನ್ನು ಕರೆದರು. "ಇವರು ಹೋಗದೇ ಇರೋ ಕಡೆ ಯಾವುದಾದ್ರೂ ಇದೆಯಾ?"

ಜಾಲಿಮುಳ್ಳಿನ ಮೂಲೆ! ಹಾವಿನ ಭಯಕ್ಕೆ ನಾವು ಯಾರೂ ಅಲ್ಲಿ ಕೂರುವುದಿಲ್ಲ. ಸರ್ ಕೋಲಿನಿಂದ ಮುಳ್ಳು ಸರಿಸಿದರು. ಅಲ್ಲಿ ಅಣ್ಣೆ ಗಿಡಗಳು ಒಂದರ ಮೈಮೇಲೆ ಒಂದು, ಸಂತೆಯ ಬಸ್ಸಿನಲ್ಲಿ ನಿಂತ ಹಾಗೆ ಒತ್ತಿಕೊಂಡು ನಿಂತಿದ್ದವು. ದೊಡ್ಡವು ನಾಲ್ಕು, ಸುತ್ತ ಪೀಚುಪೀಚಾದವು ಲೆಕ್ಕವಿಲ್ಲದಷ್ಟು. ಪುಸ್ತಕದಲ್ಲಿ ಹೇಳಿದ ಹಾಗೆಯೇ, ಗುಂಪು. ಇಪ್ಪತ್ತು ಹೆಜ್ಜೆ ಈಚೆ ನಮ್ಮ ರಂಗೋಲಿ.

ಮೊಮ್ಮಗಳು ನನ್ನ ಕಡೆ ನೋಡಿ ನಕ್ಕಳು. ಹಲ್ಲೆಲ್ಲ ಬಿಟ್ಟು ನಕ್ಕಳು, ಐದು ವರ್ಷದವಳ ಹಾಗೆ. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಮಂಡಿ ಒಪ್ಪಲಿಲ್ಲ. ಬದಲಿಗೆ ಯಾದಗಿರಿಯವಳ ಬೆನ್ನಿಗೆ ಒಂದು ಗುದ್ದು ಗುದ್ದಿದೆ.

ಸರ್ ಈಗ ಬೇರೆ ಮನುಷ್ಯರಾಗಿದ್ದರು. ಗಡಿಬಿಡಿಯಿಂದ ಮಾತಾಡುತ್ತಿದ್ದರು. "ಈ ಕಡೆದೂ ಅಳತೆ ಮಾಡು. ಎರಡನ್ನೂ ಪಕ್ಕ ಪಕ್ಕ ಇಡು. ಇದು ತುಂಬಾ ಒಳ್ಳೇ ಕೆಲಸ ಆಗುತ್ತೆ. ಕಟ್ಟಳೆ ವಿಷಯ ಬರೆಯುವಾಗ ಕೆಳಗೆ ಒಂದು ಸಾಲು ಹಾಕು, ಸ್ಥಳೀಯರಿಂದ ತಿಳಿದ ಮಾಹಿತಿ ಅಂತ."

"ಸ್ಥಳೀಯರಲ್ಲ ಸರ್" ಅಂದಳು ಹುಡುಗಿ. "ನಮ್ಮಜ್ಜಿ."

"ಆಯ್ತಮ್ಮ, ಅಜ್ಜಿ ಅಂತಾನೇ ಬರಿ."

ಅವರು ಸ್ಕೂಟರಿನ ಕಡೆ ಹೊರಟರು. ಅಷ್ಟೇ. ಮುಗಿಯಿತು ಎಂದುಕೊಂಡಿದ್ದರು. ನಾನು ಬೇಲಿಯ ಹತ್ತಿರ ಅಡ್ಡ ನಿಂತೆ.

"ಸ್ವಾಮಿ, ಒಂದು ಮಾತು. ಎಲ್ಲರ ಮುಂದೆ ಇವಳನ್ನ ಸುಳ್ಳಿ ಅಂದ್ರಂತೆ."

"ಅದು... ಆ ಹೊತ್ತಿಗೆ ಇದ್ದ ಮಾಹಿತಿ ಮೇಲೆ..."

"ಮಾಹಿತಿ ತಪ್ಪು ಕೊಟ್ಟವಳು ನಾನು. ಯಾರೂ ಬರಲ್ಲ ಅಂತ ಹೇಳಿದ್ದು ನಾನು. ನನಗೆ ಬೈಯಿರಿ, ಕೈಕಟ್ಟಿ ಕೇಳ್ತೀನಿ. ಇವಳು ಕಂಡಿದ್ದನ್ನ ಕಂಡ ಹಾಗೆ ಬರೆದಳು. ಪುಸ್ತಕದ ಹಾಗೆ ಇಲ್ಲ ಅಂತ ಗೊತ್ತಿದ್ದೂ ಒಂದು ಚುಕ್ಕಿ ಆಚೆ ಈಚೆ ಇಡಲಿಲ್ಲ. ಸುಳ್ಳು ಬರೆಯೋಳಾಗಿದ್ರೆ ನಿಮ್ಮ ಪುಸ್ತಕದಲ್ಲಿ ಇರೋ ಹಾಗೆ ಬರೆದು ನೂರಕ್ಕೆ ನೂರು ತಗೊಳ್ತಿದ್ದಳು."

ಅವರು ತಲೆ ತಗ್ಗಿಸಿದರು. "ತಪ್ಪಾಯ್ತಮ್ಮ" ಅಂದರು.

"ನನಗಲ್ಲ. ಅವಳಿಗೆ. ಇಲ್ಲೂ ಅಲ್ಲ. ನಕ್ಕವರು ಇರ್ತಾರಲ್ಲ, ಅಲ್ಲಿ."

ಹುಡುಗಿ ಕಣ್ಣಿನಲ್ಲೇ ನನ್ನನ್ನು ಕೊಲ್ಲುತ್ತಿದ್ದಳು. ಇರಲಿ. ಸೋಮವಾರ ಅವರು ತರಗತಿಯಲ್ಲಿ ಹೇಳಿದರಂತೆ. ಚಿಕ್ಕದಾಗಿ, ಕಪ್ಪು ಹಲಗೆಯ ಕಡೆ ಮುಖ ಮಾಡಿ ಹೇಳಿದರಂತೆ. ಆದರೆ ಎಲ್ಲರಿಗೂ ಕೇಳಿಸಿತು ಅಂದಳು. ಮುಖ ಈ ಕಡೆ ತಿರುಗಿಸಿ ಹೇಳಬಾರದಿತ್ತೇ ಎಂಬ ಕೊರಗು ನನಗೆ ಈಗಲೂ ಇದೆ.

ಅವಳು ಆಮೇಲೆ ನಾಲ್ಕು ದಿನ ಹಗಲೆಲ್ಲ ಅಲ್ಲೇ ಇದ್ದಳು. ಜಾಲಿಯ ಮೂಲೆಯನ್ನೂ ಅಳೆದಳು. ಕೈಗೆಲ್ಲ ಮುಳ್ಳು ಗೀರಿತ್ತು. ನನ್ನನ್ನು ಕುಕ್ಕುರುಗಾಲಿನಲ್ಲಿ ಕೂರಿಸಿ, ಕೈ ಚಾಚಿಸಿ, ನನಗೂ ಟೇಪು ಹಿಡಿದಳು. ಯಾದಗಿರಿಯವಳಿಗೂ ಹಿಡಿದಳು. "ನಿನ್ನ ಕೈ ಗಿಡ್ಡ ಅಜ್ಜಿ, ಅಕ್ಕನ ಕೈ ಉದ್ದ. ಅದಕ್ಕೇ ಆ ಕಡೆ ಗಿಡ ದೂರ ದೂರ ಇವೆ" ಎಂದು ಚಪ್ಪಾಳೆ ತಟ್ಟಿದಳು. ಮಣ್ಣಿನ ಮೇಲೆ ಯಾರು ಯಾವ ಕಡೆ ಕೂತಿದ್ದರು ಎಂದು ಹೇಳುವ ಓದು ಅದು! ಪೊಲೀಸರಿಗೂ ಆಗದ ಕೆಲಸ!

ಪರೀಕ್ಷೆಗೆ ಹೊರಗಿನಿಂದ ಬಂದ ಮೇಡಂ ಒಬ್ಬರು ಅವಳನ್ನು ಬಹಳ ಹೊತ್ತು ಪ್ರಶ್ನೆ ಕೇಳಿದರಂತೆ. ಗಿಡ ಬಿಡುವ ಅಂತರ ಎಷ್ಟು ಎಂದಾಗ ಅವಳು ಅಂಕಿ ಹೇಳಿ, ಸಾಲದು ಎಂದು ಅಲ್ಲೇ ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂತು ಎರಡು ಕಡೆ ಕೈ ಚಾಚಿ ತೋರಿಸಿದಳಂತೆ. ಇಸ್ತ್ರಿ ಮಾಡಿದ ಸೀರೆಯಲ್ಲಿ! ಪಾಸಾದಳು. ಒಳ್ಳೆಯ ಹೆಸರಿನಲ್ಲೇ ಪಾಸಾದಳು. ನಾನು ಬೀದಿಗೆಲ್ಲ ಬಸ್ಸಾರು ಹಂಚಿದೆ.

ಕಪ್ಪು ರಟ್ಟು ಹಾಕಿದ ಪುಸ್ತಕವನ್ನು ಅವಳು ಮನೆಗೆ ತಂದು ಮೊದಲು ನನ್ನ ಮಡಿಲಿನಲ್ಲಿಟ್ಟಳು. ಚುಕ್ಕಿಗಳ ಹಾಳೆ ತೆಗೆದು ತೋರಿಸಿದಳು. ಯಾದಗಿರಿಯವಳೂ ಬಂದು ಪಕ್ಕದಲ್ಲಿ ಕೂತು, ಬೆರಳಿಟ್ಟು, "ಇದು ನಂದು, ಇದೂ ನಂದು" ಎಂದಳು.

"ಮೊದಲು ಜನರ ಓಡಾಟ ಇಲ್ಲ ಅಂತ ಬರೆದಿದ್ದೆನಲ್ಲ ಅಜ್ಜಿ, ಆ ಸಾಲು ತೆಗೆದೆ. ಈಗ ಏನು ಬರೆದಿದೀನಿ ಕೇಳು." ಇಂಗ್ಲಿಷನ್ನು ಕನ್ನಡ ಮಾಡಿ ಓದಿದಳು. "ಈ ಜಾಗದಲ್ಲಿ ಮಳೆಗಾಲದಲ್ಲಿ ಇಬ್ಬರು ಹೆಂಗಸರು ಸೊಪ್ಪು ಕೀಳುತ್ತಾರೆ. ಗಿಡಗಳು ಇರುವ ಅಂತರ ಅವರು ಬಿಟ್ಟ ಅಂತರ."

ಕಣ್ಣು ಒರೆಸಿಕೊಳ್ಳಲು ಸೆರಗು ಎತ್ತಿದವಳು ಅರ್ಧಕ್ಕೇ ನಿಂತೆ.

"ಇಬ್ಬರಾ?"

"ಹೂಂ, ನೀನು, ಅಕ್ಕ."

"ಲಿಂಗರಾಜಪುರದಿಂದ ಬರೋಳು? ಕೆ.ಆರ್. ಪುರದ ಅತ್ತೆ ಸೊಸೆ? ಐದು ಜನ ಬರ್ತೀವಿ ಅಂತ ಹೇಳಿರಲಿಲ್ವಾ ನಾನು? ಆ ಮೂವರು ಏನು ಗಾಳೀನಾ?"

"ಅಯ್ಯೋ ಅಜ್ಜಿ, ಬೈಂಡ್ ಆಗ್ಹೋಗಿದೆ!"

"ಆದ್ರೆ ಆಗ್ಲಿ. ಪೆನ್ನು ತಗೊಂಡು ಬಾ. ಕೆಂಪು ಇದ್ರೆ ಕೆಂಪೇ ತಗೊಂಡು ಬಾ. ಕೂತ್ಕೋ ಇಲ್ಲಿ. ತಿದ್ದು."